ಬಿಚ್ಚುವ ಮೊದಲು: ಹಳೆಯ ಸ್ಪೋರ್ಟ್ಸ್ ಕಾರಿನ ಎಕ್ಸಾಸ್ಟ್ ಸೋರಿಕೆ ಹುಡುಕುವ ಬಗೆ

ನಿನ್ನೆ ಸಂಜೆ ಶೆಡ್ಡಿಗೆ ಹಾಕುವವರೆಗೂ ಚೆನ್ನಾಗಿದ್ದ ಕಾರು ಇವತ್ತು ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟಕ್ ಟಕ್ ಎನ್ನಲು ಶುರು ಮಾಡುತ್ತದೆ. ಇಲ್ಲವೇ ಏರು ಹತ್ತುವಾಗ ಸೀಟಿನ ಕೆಳಗೆ ಬುಸ್ ಎಂಬ ಸದ್ದು, ಇಳಿಜಾರಿನಲ್ಲಿ ಕಾಲು ತೆಗೆದರೆ ಹಿಂದುಗಡೆ ಪಟಪಟ. ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆ ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಬೆರಳೆಣಿಕೆಯಷ್ಟು ಮಂದಿ. ಬೆಂಗಳೂರಿನಿಂದಲೋ ಕೊಚ್ಚಿಯಿಂದಲೋ ಸೆಕೆಂಡ್ ಹ್ಯಾಂಡ್ ತಂದ ಪೋರ್ಷೆ ಬಾಕ್ಸ್‌ಸ್ಟರ್, ಮರ್ಸಿಡಿಸ್ ಎಸ್‌ಎಲ್‌ಕೆ, ಬಿಎಂಡಬ್ಲ್ಯು ಝಡ್4, ಔಡಿ ಟಿಟಿ. ಸ್ಪೋರ್ಟ್ಸ್ ಕಾರಲ್ಲದಿದ್ದರೂ ಅದೇ ಮನೋಧರ್ಮದ ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಕೊಲ್ಲಿಯಲ್ಲಿರುವ ನಮ್ಮವರಲ್ಲಿ ಮಾಜ್ದಾ ಎಂಎಕ್ಸ್-5 ಇಟ್ಟುಕೊಂಡವರೂ ಇದ್ದಾರೆ. ಇಂಥ ಕಾರನ್ನು ಊರಿನ ವರ್ಕ್‌ಶಾಪ್‌ಗೆ ಒಯ್ದರೆ ಮೊದಲು ಕೇಳುವ ಮಾತು ಒಂದೇ: "ಪ್ಯಾಕಿಂಗ್ ಹೋಗಿದೆ ಮಾರಾಯ್ರೆ, ಬಿಚ್ಚಿ ನೋಡುವ."

ಪ್ಯಾಕಿಂಗ್ ಎಂದರೆ ಎರಡು ಲೋಹದ ಮುಖಗಳ ನಡುವೆ ಸೋರದಂತೆ ಕೂರಿಸುವ ತೆಳು ಹಾಳೆ. ಖರ್ಚು ಶುರುವಾಗುವುದು ಆ ಬಿಚ್ಚುವುದರಲ್ಲೇ. ಇಪ್ಪತ್ತು ವರ್ಷ ಉಪ್ಪುಗಾಳಿ ಕುಡಿದ ಮ್ಯಾನಿಫೋಲ್ಡಿನ (ಸಿಲಿಂಡರುಗಳ ಹೊಗೆಯನ್ನು ಒಂದೇ ಪೈಪಿಗೆ ಸೇರಿಸುವ ಭಾಗ) ನಟ್ಟುಗಳು ಸುಮ್ಮನೆ ಬಿಡುವುದಿಲ್ಲ; ನಟ್ಟು ಕೂರುವ ಥ್ರೆಡ್ಡಿನ ಕಡ್ಡಿ, ಅಂದರೆ ಸ್ಟಡ್, ಹೆಡ್ಡಿನ (ಸಿಲಿಂಡರುಗಳ ಮೇಲಿನ ಮುಚ್ಚಳ) ಮಟ್ಟಕ್ಕೆ ಮುರಿದು ಕೂತರೆ ಕೆಲವು ನೂರು ರೂಪಾಯಿಯ ಪ್ಯಾಕಿಂಗ್ ಕೆಲಸ ಹೆಡ್ ಇಳಿಸುವ ಕೆಲಸವಾಗಿಬಿಡಬಹುದು. ಆದ್ದರಿಂದ ಎಲ್ಲಿ ಸೋರುತ್ತಿದೆ ಎಂಬುದು ಕಣ್ಣಿಗೆ ಕಾಣುವವರೆಗೆ ಅಥವಾ ಕೈಗೆ ತಾಗುವವರೆಗೆ ಒಂದು ನಟ್ಟನ್ನೂ ಮುಟ್ಟಬಾರದು. ಸೋರುವ ಜಾಗ ಸಿಕ್ಕಿದ ಮೇಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಅಲ್ಲೇ ಯಾಕೆ ಹೋಯಿತು? ಸದ್ದು ಮಾತ್ರ ದಿಢೀರನೆ ಬಂದದ್ದು. ಲೋಹ ತಿಂಗಳುಗಟ್ಟಲೆ ಬಿರಿಯುತ್ತಾ, ಸವೆಯುತ್ತಾ ಬಂದಿರುತ್ತದೆ. ಕೊನೆಯ ಅರ್ಧ ಮಿಲಿಮೀಟರ್ ಬಿಟ್ಟುಕೊಟ್ಟ ದಿನ ನಮಗೆ ಕೇಳಿಸುತ್ತದೆ. ಬಿಟ್ಟುಕೊಟ್ಟ ಭಾಗವನ್ನು ಮಾತ್ರ ಬದಲಿಸಿ, ಅದನ್ನು ಎಳೆದಾಡಿದ್ದು ಏನೆಂದು ನೋಡದೆ ಹೋದರೆ ಮುಂದಿನ ಮಳೆಗಾಲಕ್ಕೆ ಅದೇ ಜಾಗದಲ್ಲಿ ಮತ್ತೆ ಸದ್ದು.

ಮೊದಲಿಗೆ ಅಪಾಯದ ಮಾತು. ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಣ್ಣಗಿನ ಎಂಜಿನ್ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಆಗ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ (ಚುಟುಕಾಗಿ ಕ್ಯಾಟ್) ಕೂಡ ಕೆಲಸ ಶುರು ಮಾಡಿರುವುದಿಲ್ಲ. ಅಂದರೆ ಸೋರಿಕೆ ಜೋರಾಗಿ ಕೇಳಿಸುವ ಹೊತ್ತೇ ವಿಷವೂ ಹೆಚ್ಚಿರುವ ಹೊತ್ತು. ಎಸಿಗೆ ಹೊರಗಾಳಿ ಬರುವ ಕಿಂಡಿ ಹೆಚ್ಚಿನ ಕಾರುಗಳಲ್ಲಿ ಮುಂದಿನ ಗಾಜಿನ ಬುಡದಲ್ಲಿದೆ, ಬಾನೆಟ್ಟಿನ ಹಿಂಬದಿಗೆ ತಾಗಿಕೊಂಡು. ಮ್ಯಾನಿಫೋಲ್ಡಿನಲ್ಲಿ ಸೋರಿದ್ದು ಅಲ್ಲಿಂದ ಒಳಗೆ ಬರುತ್ತದೆ. ಓಡುವ ಕಾರಿನ ಬೆನ್ನ ಹಿಂದೆ ಒತ್ತಡ ತಗ್ಗಿರುವುದರಿಂದ ಹಿಂದಿನ ಪೈಪಿನಲ್ಲಿ ಸೋರಿದ್ದು ಡಿಕ್ಕಿಯ ಹಳೆಯ ರಬ್ಬರ್ ದಾಟಿ, ಮಡಚುವ ಮಾಡಿನ ಅಂಚು ದಾಟಿ ಒಳಗೆ ನುಗ್ಗುತ್ತದೆ. ಗಾಳಿಯಿಂದ ತಣಿಯುವ ಹಳೆಯ ಪೋರ್ಷೆ 911ರಲ್ಲಿ ಹೀಟರಿನ ಗಾಳಿ ಎಕ್ಸಾಸ್ಟ್ ಪೈಪನ್ನು ಸುತ್ತಿದ ಕವಚದೊಳಗಿಂದಲೇ ಬರುವುದು. ಅಲ್ಲಿ ತೂತಾದರೆ ವಿಷ ನೇರ ಮುಖಕ್ಕೆ. ತಲೆನೋವು, ತಲೆ ತಿರುಗುವುದು, ಓಕರಿಕೆ ಕಾರಿನಲ್ಲಿದ್ದಾಗ ಬಂದು ಹೊರಗೆ ನಿಂತಾಗ ಕಡಿಮೆಯಾದರೆ ಆ ಕಾರನ್ನು ಮತ್ತೆ ಓಡಿಸಬಾರದು. ರಿಕವರಿ ವಾಹನ ಕರೆಯಿರಿ. ಮಳೆಗಾಲದಲ್ಲಿ ಎರಚಲು ತಡೆಯಲು ಶೆಡ್ಡಿನ ಮೂರೂ ಬದಿಗೆ ಟರ್ಪಾಲು ಕಟ್ಟುವವರು ನಮ್ಮಲ್ಲಿ ಬಹಳ. ಅಂಥ ಕಡೆ ಎಂಜಿನ್ ಚಾಲೂ ಇಟ್ಟು ಪರೀಕ್ಷೆ ಬೇಡವೇ ಬೇಡ. ಕಾರನ್ನು ಅಂಗಳಕ್ಕೆ ತನ್ನಿ.

ಸೋರಿಕೆಯ ಗುಣ ಅರ್ಥವಾಗಬೇಕಾದರೆ ಲೋಹ ಎಷ್ಟು ಹಿಗ್ಗುತ್ತದೆಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ನಾಲ್ಕು ಸಿಲಿಂಡರಿನ ಎರಕದ ಕಬ್ಬಿಣದ ಮ್ಯಾನಿಫೋಲ್ಡ್ ಸುಮಾರು 400 ಮಿ.ಮೀ. ಉದ್ದವಿದೆ ಎನ್ನಿ. ಅದು 400 ಡಿಗ್ರಿಯಷ್ಟು ಬಿಸಿಯೇರಿದರೆ ಹೆಚ್ಚುಕಡಿಮೆ 1.7 ಮಿ.ಮೀ. ಹಿಗ್ಗುತ್ತದೆ. ಅದೇ ಉದ್ದದ 304 ಸ್ಟೇನ್‌ಲೆಸ್ ಹೆಡರ್ (ಪೈಪುಗಳನ್ನು ಬೆಸೆದು ಮಾಡಿದ ಮ್ಯಾನಿಫೋಲ್ಡ್) ಆದರೆ 2.7 ಮಿ.ಮೀ. ಅದು ಕಚ್ಚಿಕೊಂಡಿರುವ ಅಲ್ಯೂಮಿನಿಯಂ ಹೆಡ್, ಕೂಲಂಟ್ ಹಿಡಿತದಲ್ಲಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದರಿಂದ, ಹಿಗ್ಗುವುದು ಬರೇ 0.7 ಮಿ.ಮೀ. ಈ ಎರಡರ ನಡುವಿನ ಅಂತರವನ್ನು ಪ್ರತಿ ಸಲ ಬಿಸಿಯಾದಾಗ, ಪ್ರತಿ ಸಲ ತಣ್ಣಗಾದಾಗ ತಾಳಿಕೊಳ್ಳಬೇಕಾದವು ಸ್ಟಡ್‌ಗಳು. ನಡುವಿನ ಸ್ಟಡ್‌ಗೆ ಜರುಗಾಟ ಕಡಿಮೆ, ಎರಡು ತುದಿಯವಕ್ಕೆ ಹೆಚ್ಚು. ಹಾಗಾಗಿ ಮುರಿದ ಸ್ಟಡ್ ಹುಡುಕುವಾಗ ಮೊದಲನೆಯ ಮತ್ತು ಕೊನೆಯ ಪೋರ್ಟಿನ (ಸಿಲಿಂಡರಿನ ಹೊಗೆ ಹೊರಬರುವ ಬಾಯಿ) ಹೊರಬದಿಯನ್ನು ಮೊದಲು ನೋಡಬೇಕು. ಬಾಕ್ಸ್‌ಸ್ಟರಿನಂಥ ಫ್ಲಾಟ್ ಸಿಕ್ಸ್ (ಮೂರು ಮೂರು ಸಿಲಿಂಡರ್ ಎರಡು ಬದಿಗೆ ಮಲಗಿರುವ) ಎಂಜಿನ್ನಿನಲ್ಲಿ ಮ್ಯಾನಿಫೋಲ್ಡ್‌ಗಳು ಎರಡೂ ಬದಿಯಲ್ಲಿ ಕೆಳಗಿವೆ. ರಸ್ತೆಯ ನೀರು ನೇರ ಅವುಗಳ ಬೋಲ್ಟಿಗೇ ಎರಚುತ್ತದೆ. ಅಲ್ಲಿ ಬೋಲ್ಟಿನ ತಲೆಯೇ ತುಕ್ಕಿಗೆ ಕರಗಿ ಸ್ಪ್ಯಾನರಿಗೆ ಸಿಗದಂತಾಗುವುದು ಸಾಮಾನ್ಯ.

ತಣ್ಣಗಿದ್ದಾಗ ಟಕ್ ಟಕ್, ಬಿಸಿಯಾದ ಮೇಲೆ ಮೌನ ಎಂಬ ಲಕ್ಷಣಕ್ಕೂ ಇದೇ ಕಾರಣ. ಬಿರುಕು ಅಥವಾ ಸಂದಿ ಹಿಗ್ಗಿದ ಲೋಹದಿಂದ ಮುಚ್ಚಿಕೊಳ್ಳುತ್ತದೆ. ಮೌನವಾದದ್ದನ್ನು ಕಂಡು ಸಮಾಧಾನಪಡುವವರೇ ಹೆಚ್ಚು. ಮುಚ್ಚಿಕೊಂಡ ಬಿರುಕು ವಾಸಿಯಾಗಿರುವುದಿಲ್ಲ, ಒಂದೊಂದು ಬಿಸಿ-ತಂಪಿಗೂ ಇನ್ನಷ್ಟು ಉದ್ದವಾಗುತ್ತಿರುತ್ತದೆ.

ಇನ್ನು ಸದ್ದಿನ ವೇಗ. ಬೇರೆ ಯಾವ ಉಪಕರಣವೂ ಇಲ್ಲದೆ ಅರ್ಧ ದಾರಿ ತಲುಪಿಸುವ ಗುರುತು ಇದು, ಯಾಕೋ ಇದನ್ನು ಎಣಿಸಿ ನೋಡುವವರು ಕಡಿಮೆ. ಎಂಜಿನ್ ಐಡಲ್ ಆಗಿ, ಅಂದರೆ ಆಕ್ಸಿಲರೇಟರ್ ಒತ್ತದೆ, 800 ಆರ್‌ಪಿಎಂನಲ್ಲಿ (ನಿಮಿಷಕ್ಕೆ 800 ಸುತ್ತು) ಓಡುತ್ತಿದ್ದರೆ ಒಂದು ಸಿಲಿಂಡರ್ ಎರಡು ಸುತ್ತಿಗೊಮ್ಮೆಯಂತೆ ನಿಮಿಷಕ್ಕೆ 400 ಸಲ ಹೊಗೆ ಬಿಡುತ್ತದೆ, ಅಂದರೆ ಸೆಕೆಂಡಿಗೆ ಆರೇಳು. ಸೋರಿಕೆ ಒಂದೇ ಪೋರ್ಟಿನಲ್ಲಿದ್ದರೆ ಕೇಳುವುದು ಆ ಆರೇಳು ಬಿಡಿಬಿಡಿ ಟಕ್ಕುಗಳು. ನಾಲ್ಕೂ ಪೈಪು ಒಂದಾದ ಮೇಲಿನ ಜಾಯಿಂಟಿನಲ್ಲಿ ಸೋರಿದರೆ ಸೆಕೆಂಡಿಗೆ 26-27 ಬಡಿತ. ಕಿವಿಗೆ ಅದು ಎಣಿಸಲಾಗದ ಬುರುಬುರು ಸದ್ದು. ಆರು ಸಿಲಿಂಡರ್ ಆದರೆ 40. ಮೊಬೈಲಿನಲ್ಲಿ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಸದ್ದಿನ ಅಲೆಯನ್ನು ತೋರಿಸುವ ಯಾವುದಾದರೂ ಆ್ಯಪಿನಲ್ಲಿ ತೆರೆದರೆ ಏರುಗಳನ್ನು ಎಣಿಸಬಹುದು. ಹತ್ತು ಸೆಕೆಂಡಿಗೆ 65-70 ಏರು ಕಂಡರೆ ಒಂದು ಸಿಲಿಂಡರಿನ ಕೆಲಸ ಅದು, ಹುಡುಕಬೇಕಾದ್ದು ಹೆಡ್ಡಿಗೂ ಪೈಪುಗಳು ಕೂಡುವ ಜಾಗಕ್ಕೂ ನಡುವೆ.

ಆದರೆ ಅದೇ ವೇಗದಲ್ಲಿ ಬಡಿಯುವ ಬೇರೆಯವೂ ಇವೆ. ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಅದು ಒತ್ತುವ ಒಂದು ಟ್ಯಾಪೆಟ್ ಸದ್ದು ಮಾಡಿದರೂ ಸೆಕೆಂಡಿಗೆ ಆರೇಳೇ. ವ್ಯತ್ಯಾಸ ಇರುವುದು ಭಾರದಲ್ಲಿ. ಏರು ಹತ್ತಿಸಿದರೆ ಎಕ್ಸಾಸ್ಟ್ ಸೋರಿಕೆ ಜೋರಾಗುತ್ತದೆ, ಟ್ಯಾಪೆಟ್ ಸದ್ದು ಆರ್‌ಪಿಎಂ ಜೊತೆ ವೇಗ ಹೆಚ್ಚಿಸಿಕೊಂಡರೂ ಭಾರಕ್ಕೆ ಬದಲಾಗುವುದಿಲ್ಲ. ಇನ್ನೂ ಖಚಿತವಾಗಬೇಕಿದ್ದರೆ ಒಂದೊಂದೇ ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ವಯರ್ ಪ್ಲಗ್ ಕೆಲವು ಸೆಕೆಂಡ್ ಕಿತ್ತು ನೋಡಿ. ಆ ಸಿಲಿಂಡರಿನಲ್ಲಿ ಉರಿ ನಿಂತರೆ ಒತ್ತಡ ಇಳಿಯುತ್ತದೆ, ಸೋರಿಕೆಯ ಟಕ್ ಮೆತ್ತಗಾಗುತ್ತದೆ. ಇಗ್ನಿಷನ್ ವಯರ್ ಕಿತ್ತರೂ ಸದ್ದು ಬದಲಾಗುವುದು ಹೌದು, ಆದರೆ ಉರಿಯದ ಪೆಟ್ರೋಲ್ ಕ್ಯಾಟ್‌ಗೆ ಹೋಗಿ ಅದನ್ನು ಸುಡುತ್ತದೆ, ಇಂಜೆಕ್ಟರೇ ಸರಿ. ಸಡಿಲವಾದ ಸ್ಪಾರ್ಕ್ ಪ್ಲಗ್ ಇನ್ನೊಂದು ವೇಷಧಾರಿ. ಪ್ಲಗ್ಗಿನ ಬುಡದಲ್ಲಿ ಕಂಪ್ರೆಷನ್ ಸೋರಿದರೆ ಮ್ಯಾನಿಫೋಲ್ಡ್ ಪ್ಯಾಕಿಂಗ್ ಹೋದಂತೆಯೇ ಕೇಳುತ್ತದೆ. ಪ್ಲಗ್ ತೂತಿಗೆ ನಾಲ್ಕು ಹನಿ ಸೋಪುನೀರು ಬಿಟ್ಟು ಸ್ಟಾರ್ಟ್ ಮಾಡಿದರೆ ಗುಳ್ಳೆ ಬರುತ್ತದೋ ಇಲ್ಲವೋ ನೋಡಬಹುದು. ಐದು ನಿಮಿಷದ ಕೆಲಸ, ಎಲ್ಲಕ್ಕಿಂತ ಮೊದಲು ಇದನ್ನೇ ಮಾಡಿ. ಮ್ಯಾನಿಫೋಲ್ಡಿನ ಮೇಲಿನ ಶಾಖದ ತಗಡು ಸಡಿಲವಾದರೆ ಲೋಹ ಅದುರುವ ಚರಚರ ಸದ್ದು, ಒಂದು ನಿರ್ದಿಷ್ಟ ಆರ್‌ಪಿಎಂನಲ್ಲಿ ಮಾತ್ರ. ಕ್ಯಾಟ್ ಒಳಗೆ ಒಡೆದಿದ್ದರೆ ರಬ್ಬರ್ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದಾಗ ಕಲ್ಲು ಅಲ್ಲಾಡಿದಂತೆ ಕೇಳುತ್ತದೆ.

ನಿಜವಾದ ಹುಡುಕಾಟದ ತಯಾರಿ ಹಿಂದಿನ ಸಂಜೆಯೇ ಆಗಬೇಕು. ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಆದ ಮೇಲೆ ಸಂದಿ ಮುಚ್ಚಿಕೊಳ್ಳಲು ಎರಡು ಮೂರು ನಿಮಿಷ ಸಾಕು. ಆ ಹೊತ್ತಿನಲ್ಲಿ ಜಾಕ್ ಹುಡುಕುತ್ತಾ ಕೂತರೆ ಮುಗಿಯಿತು. ಸಂಜೆ ಎಂಜಿನ್ ಕೈ ತಾಗಿಸುವಷ್ಟು ಆರಿದ ಮೇಲೆ ಶಾಖದ ತಗಡು ತೆಗೆದಿಡಿ. ಅದರ ಸಣ್ಣ ಬೋಲ್ಟುಗಳೂ ಹಿಡಿದುಕೊಂಡಿರುತ್ತವೆ, ಬಲವಂತ ಬೇಡ. ಗಾಲಿಗೆ ಅಡ್ಡ ಇಟ್ಟು ಕಾರನ್ನು ಎತ್ತಿ ನಾಲ್ಕು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ನಮ್ಮ ಅಂಗಳಗಳು ಮಣ್ಣಿನವು. ಸ್ಟ್ಯಾಂಡಿನ ಕಾಲು ಹೂತುಹೋಗದ ಹಾಗೆ ಅಡಿಯಲ್ಲಿ ಎರಡಿಂಚು ದಪ್ಪದ ಹಲಗೆ ಬೇಕು. ಸ್ಟ್ಯಾಂಡಿನ ಬದಲು ಮುರಕಲ್ಲು ಅಥವಾ ಟೊಳ್ಳು ಸಿಮೆಂಟ್ ಬ್ಲಾಕ್ ಇಟ್ಟು ಕಾರಿನಡಿಗೆ ನುಗ್ಗುವ ಅಭ್ಯಾಸ ಊರಲ್ಲಿದೆ. ಎರಡೂ ಭಾರಕ್ಕೆ ಮುನ್ಸೂಚನೆಯಿಲ್ಲದೆ ಒಡೆಯುತ್ತವೆ. ಅದನ್ನು ಯಾರೂ ಮಾಡಬೇಡಿ.

ಸ್ಟಾರ್ಟ್ ಮಾಡುವ ಮೊದಲು ಟಾರ್ಚ್ ಹಿಡಿದು ಕಣ್ಣಿನ ಕೆಲಸ. ಪೆಟ್ರೋಲ್ ಎಂಜಿನ್ ಸೋರಿದ ಜಾಗದಲ್ಲಿ ಕಪ್ಪು ಅಥವಾ ಬೂದು ಮಸಿಯ ಗೆರೆ ಇರುತ್ತದೆ, ಸಂದಿಯಿಂದ ಹೊರಕ್ಕೆ ಬೀಸಿದ ಹಾಗೆ. ಪ್ಯಾಕಿಂಗಿನ ಅಂಚು, ಎರಡು ಪೋರ್ಟುಗಳ ನಡುವಿನ ಸೇತುವೆ, ಪೈಪುಗಳು ಕೂಡುವ ಮೂಲೆಯ ವೆಲ್ಡ್, ಆಕ್ಸಿಜನ್ ಸೆನ್ಸರ್ ಕೂರಿಸಿದ ಬುಡ, ಇಜಿಆರ್ ಪೈಪಿನ (ಸ್ವಲ್ಪ ಹೊಗೆಯನ್ನು ಎಂಜಿನ್ನಿಗೆ ಮರಳಿಸುವ ಪೈಪು) ನಟ್ಟು, ಬಳುಕುವ ಫ್ಲೆಕ್ಸ್ ಪೈಪಿನ ಲೋಹದ ಬಲೆ, ಎಲ್ಲವನ್ನೂ ನೋಡಿ. ಸಣ್ಣ ಕನ್ನಡಿಯನ್ನು ಕಡ್ಡಿಗೆ ಕಟ್ಟಿಕೊಂಡರೆ ಹಿಂಬದಿ ಕಾಣುತ್ತದೆ. ನಟ್ಟು ಇದ್ದರೂ ಸ್ಟಡ್ ಒಳಗೆ ಮುರಿದಿರಬಹುದು. ಬೆರಳಲ್ಲಿ ಅಲ್ಲಾಡಿಸಿದರೆ ತಿಳಿಯುತ್ತದೆ.

ಆಮೇಲೆ ಕಿವಿ. ಒಂದು ಮೀಟರ್ ಉದ್ದದ ರಬ್ಬರ್ ಹೋಸು ತೆಗೆದುಕೊಂಡು ಒಂದು ತುದಿ ಕಿವಿಗೆ ಹಿಡಿಯಿರಿ, ಇನ್ನೊಂದು ತುದಿಯನ್ನು ಜಾಯಿಂಟಿನಿಂದ ಜಾಯಿಂಟಿಗೆ ಒಯ್ಯಿರಿ. ಬರಿಗಿವಿಗೆ ಎಂಜಿನ್ ಕೊಠಡಿ ಮೋಸ ಮಾಡುತ್ತದೆ. ಫೈರ್‌ವಾಲ್‌ಗೆ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ) ಬಡಿದು ಬರುವ ಸದ್ದು ಎಡದ ಸೋರಿಕೆಯನ್ನು ಬಲದಲ್ಲಿ ಕೇಳಿಸುತ್ತದೆ, ನಡುವೆ ಎಂಜಿನ್ ಇರುವ ಕಾರುಗಳಲ್ಲಂತೂ ಎಲ್ಲವೂ ಬೆನ್ನ ಹಿಂದಿನಿಂದಲೇ ಬಂದಂತೆ. ಹೋಸಿನಲ್ಲಿ ಸೋರುವ ಜಾಗ ಬಂದಾಗ ಸದ್ದು ಕಿವಿಗೆ ಚುಚ್ಚುತ್ತದೆ. ಬೆಲ್ಟು, ಫ್ಯಾನಿನಿಂದ ಹೋಸನ್ನೂ ತಲೆಗೂದಲನ್ನೂ ಶಾಲಿನ ತುದಿಯನ್ನೂ ದೂರವಿಡಿ.

ಎಂಜಿನ್ ಐಡಲ್ ಇರುವಾಗ ಇನ್ನೊಬ್ಬರು ಒದ್ದೆ ಬಟ್ಟೆಯ ದಪ್ಪ ಉಂಡೆಯನ್ನು ಹಿಂದಿನ ಪೈಪಿಗೆ ಒತ್ತಿ ಹಿಡಿಯಲಿ, ದಪ್ಪ ಕೈಗವಸು ಹಾಕಿಕೊಂಡು, ಐದಾರು ಸೆಕೆಂಡ್ ಮಾತ್ರ. ಎರಡು ಪೈಪಿದ್ದರೆ ಎರಡನ್ನೂ ಒಟ್ಟಿಗೆ ಮುಚ್ಚಬೇಕು. ಗಟ್ಟಿಯಾದ ಎಕ್ಸಾಸ್ಟ್ ಆದರೆ ಕೈಯನ್ನು ಹಿಂದಕ್ಕೆ ತಳ್ಳುತ್ತದೆ, ಎಂಜಿನ್ ಬಡಬಡಿಸಿ ನಿಲ್ಲಲು ನೋಡುತ್ತದೆ. ಏನೂ ಆಗದೆ ಎಂಜಿನ್ ಹಾಯಾಗಿ ಓಡುತ್ತಲೇ ಇದ್ದರೆ ಹೊಗೆಗೆ ಬೇರೆ ದಾರಿ ಇದೆ ಎಂದಾಯಿತು, ಆ ಕ್ಷಣದಲ್ಲಿ ಆ ದಾರಿಯೇ ಸುಯ್ಯೆಂದು ಕೂಗುತ್ತದೆ.

ನಮಗೆ ಅತ್ಯಂತ ಭರವಸೆ ಇರುವ ಪರೀಕ್ಷೆ ಎಂಜಿನ್ ಆಫ್ ಇದ್ದಾಗಿನದು. ಮನೆಯ ವ್ಯಾಕ್ಯೂಮ್ ಕ್ಲೀನರಿನಲ್ಲಿ ಗಾಳಿ ಊದುವ ಬದಿ ಇರುತ್ತದೆ. ಅದರ ಹೋಸನ್ನು ಹಿಂದಿನ ಪೈಪಿಗೆ ಇಟ್ಟು ಸುತ್ತ ಬಟ್ಟೆ ತುರುಕಿ. ಮೋಟಾರ್ ಬಿಸಿಯಾಗದ ಹಾಗೆ ಸ್ವಲ್ಪ ಸಂದಿ ಉಳಿಯಲಿ. ಎಂಜಿನ್ ಪೂರ್ತಿ ತಣ್ಣಗಿರಬೇಕು. 200 ಮಿ.ಲೀ. ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದು ಚಮಚ ಬೆರೆಸಿ ಸ್ಪ್ರೇ ಬಾಟಲಿಯಿಂದ ಎಲ್ಲ ಜಾಯಿಂಟಿಗೂ ಹೊಡೆಯಿರಿ, ಗುಳ್ಳೆ ಏಳುತ್ತದೆ. ಬಿಸಿ ಮ್ಯಾನಿಫೋಲ್ಡಿಗೆ ಎಂದೂ ನೀರು ಹೊಡೆಯಬಾರದು, ಎರಕದ ಕಬ್ಬಿಣ ಅಲ್ಲೇ ಬಿರಿಯಬಹುದು. ಸ್ಪ್ರೇ ತಲುಪದ ಮೂಲೆಗೆ ಊದುಬತ್ತಿ ಸಾಕು. ಗಾಳಿ ಬರುವಲ್ಲಿ ಹೊಗೆಯ ಎಳೆ ಓರೆಯಾಗುತ್ತದೆ. ಪೆಟ್ರೋಲಿನ ವಾಸನೆ ಚೂರು ಬಂದರೂ ಊದುಬತ್ತಿ ಹಚ್ಚಬೇಡಿ. ಕಾಲು ಮಿಲಿಮೀಟರಿನ ಬಿರುಕೂ ಈ ವಿಧಾನದಲ್ಲಿ ಸಿಗುತ್ತದೆ. ಮಂಗಳೂರಿನ ದೊಡ್ಡ ಗ್ಯಾರೇಜುಗಳಲ್ಲಿ ಸ್ಮೋಕ್ ಮೆಷಿನ್ ಇದ್ದರೆ ಕೆಲಸ ಇನ್ನೂ ಸುಲಭ. ಆದರೆ ನೆನಪಿರಲಿ, ಎಂಜಿನ್ ನಿಂತಾಗ ಯಾವುದಾದರೂ ಸಿಲಿಂಡರಿನ ವಾಲ್ವ್ ತೆರೆದಿರುತ್ತದೆ. ಹೊಗೆ ಏರ್ ಫಿಲ್ಟರಿನ ಕಡೆಯಿಂದ ಬಂದ ಮಾತ್ರಕ್ಕೆ ಅದು ಸೋರಿಕೆಯಲ್ಲ. ಕ್ರ್ಯಾಂಕನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ.

ಪೊಲ್ಯೂಷನ್ ಸರ್ಟಿಫಿಕೇಟ್ ಕೊಡುವಲ್ಲಿನ ಗ್ಯಾಸ್ ಮೆಷಿನ್ ಕೂಡ ಸಾಕ್ಷಿ ಹೇಳುತ್ತದೆ. ಸೋರುವ ಪೈಪಿನೊಳಗೆ ಹೊರಗಾಳಿ ಬೆರೆಯುವುದರಿಂದ ಆಮ್ಲಜನಕ ಹೆಚ್ಚು, ಕಾರ್ಬನ್ ಡೈಆಕ್ಸೈಡ್ ಕಡಿಮೆ ತೋರಿಸುತ್ತದೆ. ಪರಿಚಯದವರಾದರೆ ಅದರ ನಳಿಗೆಯನ್ನು ಒಂದೊಂದೇ ಜಾಯಿಂಟಿನ ಬಳಿ ಹಿಡಿದು ನೋಡಲು ಬಿಟ್ಟಾರು. ಮೊನಾಕ್ಸೈಡ್ ಏರಿದ ಜಾಗವೇ ಸೋರುವ ಜಾಗ.

ಚೆಕ್ ಎಂಜಿನ್ ದೀಪದ ಕಥೆ ಸ್ವಲ್ಪ ಗೋಜಲು, ಇಲ್ಲೇ ಹೆಚ್ಚು ದುಡ್ಡು ಪೋಲಾಗುವುದು. ಅಮೆರಿಕದಲ್ಲಿ 1996ರಿಂದ, ಯುರೋಪಿನಲ್ಲಿ 2001ರಿಂದ ಪೆಟ್ರೋಲ್ ಕಾರುಗಳಿಗೆ ಒಬಿಡಿ-2 ಮಾದರಿ (ದೋಷದ ಕೋಡ್ ಓದಿಸುವ ಏಕರೂಪದ ವ್ಯವಸ್ಥೆ) ಕಡ್ಡಾಯವಾದ್ದರಿಂದ ಆ ಕಾಲದ ಆಮದು ಕಾರುಗಳನ್ನು ಸಾಮಾನ್ಯ ಸ್ಕ್ಯಾನರ್ ಓದುತ್ತದೆ. ಮೊದಲ ಆಕ್ಸಿಜನ್ ಸೆನ್ಸರಿಗೆ ಮುಂಚೆ ಸೋರಿಕೆಯಿದ್ದರೆ, ಎರಡು ಬಡಿತಗಳ ನಡುವೆ ಪೈಪಿನೊಳಗಿನ ಒತ್ತಡ ಹೊರಗಿನದಕ್ಕಿಂತ ಇಳಿದಾಗ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರ್ ಆ ಗಾಳಿಯ ಆಮ್ಲಜನಕವನ್ನು ಕಂಡು ಪೆಟ್ರೋಲ್ ಕಡಿಮೆಯಾಯಿತು ಎನ್ನುತ್ತದೆ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಇಸಿಯು ಪೆಟ್ರೋಲ್ ಹೆಚ್ಚಿಸುತ್ತದೆ. ಸ್ಕ್ಯಾನರಿನಲ್ಲಿ ಫ್ಯುಯೆಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚು-ಕಡಿಮೆ ಮಾಡಿದೆ ಎಂಬ ಅಂಕಿ) ಐಡಲಿನಲ್ಲಿ ಶೇ 10 ದಾಟಿ ಏರಿರುತ್ತದೆ, 3000 ಆರ್‌ಪಿಎಂನಲ್ಲಿ ಸೊನ್ನೆಯ ಹತ್ತಿರ ಬರುತ್ತದೆ, ಕೊನೆಗೆ ಪಿ0171, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಎಂಬ ಕೋಡ್. ಎಂಜಿನ್ನಿಗೆ ಗಾಳಿ ಒಯ್ಯುವ ಇಂಟೇಕಿನಲ್ಲಿ ಗಾಳಿ ಸೋರಿದರೂ ಅಂಕಿಗಳು ಹೀಗೇ ಕಾಣುತ್ತವೆ. ಬೇರ್ಪಡಿಸುವುದು ಪ್ಲಗ್ಗಿನ ಬಣ್ಣ. ಇಂಟೇಕ್ ಸೋರಿದಾಗ ಇಸಿಯು ಕೊಟ್ಟ ಹೆಚ್ಚುವರಿ ಪೆಟ್ರೋಲ್ ನಿಜವಾಗಿ ಬೇಕಾದದ್ದೇ, ಮಿಶ್ರಣ ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿಯ ಆಸುಪಾಸಿಗೆ ಸರಿಹೋಗುತ್ತದೆ, ಪ್ಲಗ್ ತಿಳಿ ಕಂದು. ಎಕ್ಸಾಸ್ಟ್ ಸೋರಿದಾಗ ಅದು ಬೇಡದ ಪೆಟ್ರೋಲ್. ಪ್ಲಗ್ ಮಸಿ ಹಿಡಿಯುತ್ತದೆ, ಮೈಲೇಜ್ ಇಳಿಯುತ್ತದೆ, ಉಳಿದ ಪೆಟ್ರೋಲ್ ಸೋರಿ ಬಂದ ಗಾಳಿಯೊಂದಿಗೆ ಕ್ಯಾಟಿನಲ್ಲಿ ಉರಿದು ಅದನ್ನೂ ಹಾಳುಮಾಡುತ್ತದೆ. ಸೋರಿಕೆ ಕ್ಯಾಟಿನ ನಂತರದ ಎರಡನೆಯ ಸೆನ್ಸರಿನ ಹತ್ತಿರ ಇದ್ದರೆ ಪಿ0420, ಅಂದರೆ ಕ್ಯಾಟ್ ಕೆಲಸ ಮಾಡುತ್ತಿಲ್ಲ ಎಂಬ ಕೋಡ್. ಆ ಕೋಡ್ ನೋಡಿ ಚೆನ್ನಾಗಿರುವ ಕ್ಯಾಟ್ ಕಳೆದು ಬೇರೆ ಹಾಕಿಸಿದವರಿದ್ದಾರೆ. ಸೋರಿಕೆ ಇಲ್ಲವೆಂದು ಖಚಿತವಾಗದೆ ಸೆನ್ಸರನ್ನಾಗಲಿ ಕ್ಯಾಟನ್ನಾಗಲಿ ಬದಲಿಸುವ ಮಾತು ಎತ್ತಬಾರದು. ಟರ್ಬೊ ಕಾರಿನಲ್ಲಿ ಇನ್ನೊಂದು ಸೂಚನೆ ಸಿಗುತ್ತದೆ: ಟರ್ಬೊಗೆ ಮುಂಚೆ ಸೋರಿದರೆ ಅದನ್ನು ತಿರುಗಿಸುವ ಹೊಗೆಯೇ ಕಡಿಮೆಯಾಗಿ ಬೂಸ್ಟ್ ತಡವಾಗಿ ಬರುತ್ತದೆ, ಜೊತೆಗೆ ಸಿಳ್ಳೆ.

ಈಗ ಯಾಕೆ ಎಂಬ ಪ್ರಶ್ನೆ. ಜಾಗ ಸಿಕ್ಕಿತು, ಫ್ಲೆಕ್ಸ್ ಪೈಪಿನ ಬಲೆ ಹರಿದಿದೆ ಎನ್ನೋಣ. ಫ್ಲೆಕ್ಸ್ ಪೈಪು ತನ್ನಷ್ಟಕ್ಕೆ ಹರಿಯುವುದು ಅಪರೂಪ. ಎಂಜಿನ್ ಮೌಂಟಿನ ರಬ್ಬರ್ ಕುಸಿದು ಎಂಜಿನ್ ಪ್ರತಿ ಗೇರಿಗೂ ಹೊರಳುತ್ತಿರಬಹುದು. ಅಥವಾ ಹಿಂದಿನ ಸೈಲೆನ್ಸರ್ ತೂಗುವ ರಬ್ಬರುಗಳಲ್ಲಿ ಒಂದು ಹರಿದು ಅದರ ಭಾರವೆಲ್ಲ ಮುಂದಿನ ಜಾಯಿಂಟಿನ ಮೇಲೆ ಬಿದ್ದಿರಬಹುದು. ಪೈಪನ್ನು ಕೈಯಲ್ಲಿ ಮೇಲೆ ಕೆಳಗೆ ಎತ್ತಿ ನೋಡಿ. ಎಲ್ಲ ರಬ್ಬರಿಗೂ ಭಾರ ಸಮನಾಗಿ ಬೀಳಬೇಕು, ಪೈಪು ಎಲ್ಲೂ ಬಾಡಿಗೆ ತಾಗಬಾರದು. ಗುಡ್ಡದ ಮೇಲೆ ಮನೆ, ಕೆಳಗೆ ರಸ್ತೆ, ನಡುವೆ ಕಡಿದಾದ ಕಾಂಕ್ರೀಟ್ ಏರು, ಇದು ನಮ್ಮ ಊರಿನ ಸಾಮಾನ್ಯ ಚಿತ್ರ. ಏರು ಮುಗಿದು ಅಂಗಳ ಶುರುವಾಗುವ ಅಂಚಿನಲ್ಲಿ ತಗ್ಗು ಕಾರಿನ ಹೊಟ್ಟೆ ತಾಗುತ್ತದೆ, ಮೊದಲು ಸಿಗುವುದು ಫ್ಲೆಕ್ಸ್ ಅಥವಾ ನಡುವಿನ ಫ್ಲೇಂಜ್ (ಎರಡು ಪೈಪುಗಳನ್ನು ಬೋಲ್ಟಿನಿಂದ ಕೂಡಿಸುವ ಅಂಚು). ರಾಷ್ಟ್ರೀಯ ಹೆದ್ದಾರಿ 66 ಅಗಲವಾಗುವಾಗ ತಲಪಾಡಿಯಿಂದ ಚೆಂಗಳದವರೆಗೆ ಸರ್ವಿಸ್ ರಸ್ತೆಗಳ ಗುಂಡಿಯಲ್ಲಿ ಓಡಿದ ಕಾರುಗಳ ಪೈಪಿನ ಕೆಳಮೈಯನ್ನು ಒಮ್ಮೆ ಬೆರಳಾಡಿಸಿ ನೋಡುವುದು ಒಳ್ಳೆಯದು. ನೆಗ್ಗು ಇದ್ದರೆ ಆ ಹೊಡೆತ ಎಲ್ಲೋ ಒಂದು ವೆಲ್ಡಿನ ಮೇಲೆ ಇಳಿದಿದೆ.

ತುಕ್ಕು ಒಳಗಿಂದಲೂ ಬರುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 900 ಗ್ರಾಂ ನೀರು ಹುಟ್ಟುತ್ತದೆ. ದೂರ ಓಡಿದರೆ ಅದು ಆವಿಯಾಗಿ ಹೋಗುತ್ತದೆ. ವಾರಕ್ಕೊಮ್ಮೆ ಪೇಟೆಗೆ ಹೋಗಿ ಬಂದರೆ ಆ ನೀರು ಆಮ್ಲದೊಂದಿಗೆ ಸೈಲೆನ್ಸರ್ ಡಬ್ಬಿಯ ತಳದಲ್ಲೇ ನಿಲ್ಲುತ್ತದೆ. ಹೊರಗಿನಿಂದ ವರ್ಷಕ್ಕೆ 3000 ಮಿ.ಮೀ. ಮೀರುವ ಮಳೆ, ಕಡಲ ಉಪ್ಪು, ಶಾಖದ ತಗಡಿನ ಒಳಗೆ ಸೇರಿಕೊಂಡು ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುವ ಕೆಂಪು ಮಣ್ಣು. ಸ್ಕ್ರೂಡ್ರೈವರ್ ತುದಿಯಿಂದ ಡಬ್ಬಿಯ ಹೊಲಿಗೆಯನ್ನು ಒತ್ತಿ ನೋಡಿ, ಗಟ್ಟಿ ಲೋಹ ಕುಗ್ಗುವುದಿಲ್ಲ.

ಇಷ್ಟಾದ ಮೇಲೆ ಬಿಚ್ಚುವ ಕೆಲಸ. ಎರಡು ದಿನ ಮೊದಲಿನಿಂದಲೇ ದಿನಕ್ಕೆರಡು ಸಲ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತಾ ಬನ್ನಿ. ಆರು ಮೂಲೆಯ ಸಾಕೆಟ್ಟೇ ಬೇಕು, ಹನ್ನೆರಡು ಮೂಲೆಯದ್ದು ತುಕ್ಕು ತಿಂದ ನಟ್ಟನ್ನು ಉರುಟು ಮಾಡುತ್ತದೆ. ಮೊದಲು ಟೈಟ್ ಮಾಡುವ ಕಡೆಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ಕಡೆಗೆ, ಮತ್ತೆ ಹಿಂದೆ. ಬಿಡದಿದ್ದರೆ ಗ್ಯಾಸ್ ಜ್ವಾಲೆಯಿಂದ ನಟ್ಟನ್ನು ಮಾತ್ರ ಕೆಂಪಗೆ ಕಾಯಿಸಬೇಕು, ಎಣ್ಣೆಯನ್ನು ಒರೆಸಿ ತೆಗೆದ ಮೇಲೆ. ಜ್ವಾಲೆ ಹೆಡ್ಡಿಗೆ ತಾಗಬಾರದು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಹೆಡ್ಡಿನ ಮಿಶ್ರಲೋಹ ಅದಕ್ಕೂ ಮೊದಲೇ, ಕರಗುವ ಮುನ್ನ ಬಣ್ಣವೂ ಬದಲಾಗುವುದಿಲ್ಲ. ಸ್ಟಡ್ ಮುರಿದೇ ಹೋದರೆ ಅದರ ಮೇಲೆ ಒಂದಳತೆ ದೊಡ್ಡ ನಟ್ಟು ಇಟ್ಟು, ನಟ್ಟಿನ ತೂತಿನೊಳಗಿಂದ ವೆಲ್ಡ್ ತುಂಬಿಸಿ, ಕೆಂಪು ಆರಿದ ಮೇಲೆ ಬಿಸಿಯಿರುವಾಗಲೇ ತಿರುಗಿಸುವುದು ಉತ್ತಮ ದಾರಿ. ಉಕ್ಕಿನ ವೆಲ್ಡ್ ಅಲ್ಯೂಮಿನಿಯಂಗೆ ಹಿಡಿಯುವುದಿಲ್ಲ, ಆ ಶಾಖವೇ ತುಕ್ಕನ್ನು ಬಿಡಿಸುತ್ತದೆ. ಈಸಿ-ಔಟ್ ಎಂಬ ಓರೆ ಹಲ್ಲಿನ ಕಡ್ಡಿಯನ್ನು ನಾವು ಶಿಫಾರಸು ಮಾಡುವುದಿಲ್ಲ. ಅದು ಒಳಗೆ ಮುರಿದರೆ ಯಾವ ಸಾಮಾನ್ಯ ಡ್ರಿಲ್ಲಿಗೂ ಬಗ್ಗದಷ್ಟು ಗಡಸು. ಕೊರೆಯಲೇಬೇಕಾದರೆ ಸರಿಯಾಗಿ ನಡುವಿಗೆ ಪಂಚ್ ಹೊಡೆದು 3 ಮಿ.ಮೀ.ಯಿಂದ ಶುರು ಮಾಡಿ. ಥ್ರೆಡ್ ಹೋದರೆ ಎಂ8ಕ್ಕೆ (8 ಮಿ.ಮೀ. ಸ್ಟಡ್) 8.3 ಮಿ.ಮೀ. ಕೊರೆದು ಹೆಲಿಕಾಯಿಲ್ (ಹೊಸ ಥ್ರೆಡ್ ಆಗುವ ತಂತಿಯ ಸುರುಳಿ) ಕೂರಿಸಬಹುದು.

ಮ್ಯಾನಿಫೋಲ್ಡ್ ಕೈಗೆ ಬಂದ ಮೇಲೆ ಅದರ ಮುಖಕ್ಕೆ ಉಕ್ಕಿನ ಪಟ್ಟಿ ಅಡ್ಡ ಇಟ್ಟು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಎಲೆ) ತೂರಿಸಿ. ಮಿತಿ ಆಯಾ ಎಂಜಿನ್ನಿನ ಕೈಪಿಡಿಯಲ್ಲಿರುತ್ತದೆ. ಅದು ಸಿಗದಿದ್ದರೆ, 0.2 ಮಿ.ಮೀ. ಎಲೆ ಸಲೀಸಾಗಿ ನುಸುಳಿತೆಂದರೆ ಲೇತ್ ವರ್ಕ್‌ಶಾಪ್‌ನಲ್ಲಿ ಫೇಸಿಂಗ್ ಮಾಡಿಸುವುದೇ, ಅಂದರೆ ಮುಖವನ್ನು ಸಮತಟ್ಟು ಮಾಡಿಸುವುದೇ ಲೇಸು. ಬಾಗಿದ ಮುಖಕ್ಕೆ ಎಷ್ಟು ಒಳ್ಳೆಯ ಪ್ಯಾಕಿಂಗ್ ಹಾಕಿದರೂ ನಿಲ್ಲುವುದಿಲ್ಲ. ಹಳೆಯ ಪ್ಯಾಕಿಂಗ್ ಮತ್ತೆ ಹಾಕಬೇಡಿ, ಕೆಂಪು ಸಿಲಿಕೋನ್ ಬಳಿಯಬೇಡಿ. ಹೆಚ್ಚೆಂದರೆ 350 ಡಿಗ್ರಿಯೊಳಗೆ ಸುಟ್ಟು ಹೋಗುವ ವಸ್ತು ಅದು, ಅದರ ಆವಿ ಆಕ್ಸಿಜನ್ ಸೆನ್ಸರಿಗೆ ವಿಷ. ಹೊಸ ಸ್ಟಡ್, ಹೊಸ ನಟ್ಟು, ಥ್ರೆಡ್ಡಿಗೆ ನಿಕ್ಕಲ್ ಆಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಲೇಪ) ತೆಳ್ಳಗೆ. ನಡುವಿನಿಂದ ಹೊರಕ್ಕೆ ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಎಂ8ಕ್ಕೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್, ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ. ಉದ್ದ ಹಿಡಿಕೆಯ ಸ್ಪ್ಯಾನರಿನಿಂದ ಜೀವ ಬಿಟ್ಟು ಎಳೆಯುವುದೇ ಮುಂದಿನ ಮುರಿತಕ್ಕೆ ಕಾರಣ. ಸ್ಪ್ರಿಂಗ್ ಬೋಲ್ಟಿರುವ ಉರುಟು ಪ್ಯಾಕಿಂಗಿನ ಜಾಯಿಂಟಿನಲ್ಲಿ ಸ್ಪ್ರಿಂಗ್ ಪೂರ್ತಿ ಮುದುಡಿ ಹೋಗಬಾರದು, ಆ ಜಾಯಿಂಟ್ ಅಲ್ಲಾಡಲೆಂದೇ ಇರುವುದು.

ವೆಲ್ಡಿಂಗ್ ಬಗ್ಗೆ ಒಂದು ಎಚ್ಚರಿಕೆ. ಗೇಟು, ಗ್ರಿಲ್ ಮಾಡುವ ಅಂಗಡಿಯ ಆರ್ಕ್ ರಾಡ್ 1.5 ಮಿ.ಮೀ. ದಪ್ಪದ ಪೈಪನ್ನು ಸುಟ್ಟು ತೂತು ಮಾಡುತ್ತದೆ, ಆಮೇಲೆ ಆ ತೂತು ಮುಚ್ಚಲು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ತುಂಡು. ಜಿಐ ಮೇಲಿನ ಸತು 907 ಡಿಗ್ರಿಯಲ್ಲಿ ಕುದಿದು ಹೊಗೆಯಾಗುತ್ತದೆ, ವೆಲ್ಡ್ ಮಾಡಿದವರಿಗೆ ಜ್ವರ ಬರಿಸುತ್ತದೆ, ವೆಲ್ಡಿನೊಳಗೆ ತೂತು ಉಳಿಸುತ್ತದೆ. ಸ್ಟೇನ್‌ಲೆಸ್ ಕೆಲಸ ಗೊತ್ತಿರುವ ಆರ್ಗಾನ್ ವೆಲ್ಡರ್ ಬೇಕು. ಕಾಸರಗೋಡಿನಲ್ಲಿ ಸಿಗದಿದ್ದರೆ ಬೈಕಂಪಾಡಿ ಕೈಗಾರಿಕಾ ಪ್ರದೇಶದವರೆಗೆ ಹೋಗುವುದು ವ್ಯರ್ಥವಲ್ಲ. ಪೈಪಿಗೆ ಮ್ಯಾಗ್ನೆಟ್ ಹಿಡಿದರೆ ಅದು 409 ಎಂಬ ಸ್ಟೇನ್‌ಲೆಸ್ ಅಥವಾ ಸಾದಾ ಉಕ್ಕು, ಹಿಡಿಯದಿದ್ದರೆ 304ರ ಜಾತಿಯ ಸ್ಟೇನ್‌ಲೆಸ್. ಎರಡನ್ನು ಜೋಡಿಸುವುದಾದರೆ 309ಎಲ್ ಫಿಲ್ಲರ್ (ವೆಲ್ಡಿಗೆ ಕರಗಿಸಿ ತುಂಬುವ ತಂತಿ) ಕೇಳಿ. ಎರಕದ ಮ್ಯಾನಿಫೋಲ್ಡಿನ ಬಿರುಕಿಗೆ ಎರಡೂ ತುದಿಯಲ್ಲಿ 3 ಮಿ.ಮೀ. ತೂತು ಕೊರೆದು, ಇಡೀ ತುಂಡನ್ನು ಮೊದಲೇ ಕಾಯಿಸಿ, ನಿಕ್ಕಲ್ ರಾಡಿನಿಂದ ತುಂಡುತುಂಡಾಗಿ ವೆಲ್ಡ್ ಹಾಕಿ, ಒಣ ಮರಳಿನಲ್ಲಿ ಹೂತು ನಿಧಾನಕ್ಕೆ ಆರಿಸಬೇಕು. ಅಷ್ಟಾದರೂ ಅದು ಬಹುಕಾಲ ನಿಲ್ಲುವ ಭರವಸೆ ಕಡಿಮೆ. ಬೇರೆ ಮ್ಯಾನಿಫೋಲ್ಡ್ ಸಿಗುವುದಾದರೆ ಅದನ್ನೇ ಹಾಕಿ. ಕಾರಿನಲ್ಲಿಟ್ಟೇ ವೆಲ್ಡ್ ಮಾಡುವಾಗ ಬ್ಯಾಟರಿಯ ಎರಡೂ ತಂತಿ ಬಿಚ್ಚಿ, ಅರ್ತ್ ಕ್ಲಾಂಪನ್ನು ವೆಲ್ಡಿನ ಪಕ್ಕದಲ್ಲೇ ಹಾಕಿ, ಪೆಟ್ರೋಲ್ ಪೈಪು ಎಲ್ಲಿ ಹೋಗುತ್ತದೆಂದು ವೆಲ್ಡರಿಗೆ ತೋರಿಸಿ. ಹೆಡರಿಗೆ ಸುತ್ತುವ ಶಾಖದ ಪಟ್ಟಿ ಕರಾವಳಿಗೆ ಹೇಳಿದ್ದಲ್ಲ, ಒದ್ದೆಯನ್ನು ಹಿಡಿದಿಟ್ಟುಕೊಂಡು ಪೈಪನ್ನೇ ತಿನ್ನುತ್ತದೆ.

ಕೆಲಸ ಮುಗಿದ ಮೇಲೆ ವ್ಯಾಕ್ಯೂಮ್ ಕ್ಲೀನರ್ ಮತ್ತು ಸೋಪುನೀರಿನ ಪರೀಕ್ಷೆಯನ್ನು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಮಾಡಿ, ಏಕೆಂದರೆ ದೊಡ್ಡ ಸೋರಿಕೆಯ ಹಿಂದೆ ಸಣ್ಣದೊಂದು ಅಡಗಿರುತ್ತದೆ. ಕೋಡ್ ಅಳಿಸಿ, ಬಿಸಿಯಾದ ಎಂಜಿನ್ನಿನಲ್ಲಿ ಫ್ಯುಯೆಲ್ ಟ್ರಿಮ್ ಸೊನ್ನೆಯ ಹತ್ತಿರ ಇಳಿಯುತ್ತದೋ ಗಮನಿಸಿ. ನೂರು ಕಿಲೋಮೀಟರ್ ಓಡಿದ ನಂತರ, ರಾತ್ರಿಯಿಡೀ ಆರಿದ ಎಂಜಿನ್ನಿನಲ್ಲಿ, ನಟ್ಟುಗಳ ಟಾರ್ಕ್ ಮತ್ತೊಮ್ಮೆ ನೋಡಿ. ಗ್ರಾಫೈಟ್ ಪ್ಯಾಕಿಂಗ್ ಸ್ವಲ್ಪ ಕೂರುತ್ತದೆ. ಸೈಲೆನ್ಸರ್ ಡಬ್ಬಿಯ ತಳದಲ್ಲಿ ಕಂಪೆನಿಯವರೇ ಇಟ್ಟ ಸಣ್ಣ ತೂತು ಇದ್ದರೆ ಅದನ್ನು ಸೋರಿಕೆಯೆಂದು ಮುಚ್ಚಬೇಡಿ, ಅದು ನೀರು ಹೋಗಲು. ಮಣ್ಣು ಕಟ್ಟಿದ್ದರೆ ಮಳೆಗಾಲಕ್ಕೆ ಮುಂಚೆ ತಂತಿಯಿಂದ ಬಿಡಿಸಿಕೊಡಿ.